ದೆವ್ವಕ್ಕೆ ಎರಡು ಜಡೆ

"ಕೂದ್ಲು ಇನ್ನೂ ಮುಂದಕ್ಕೆ ಬರ್ಲಿ ಲುಬ್ನಾ, ಕಣ್ಣೇ ಕಾಣ್ಬಾರ್ದು," ಎಂದು ಯಶವಂತ್ ಮೊಬೈಲ್ ಹಿಡಿದುಕೊಂಡೇ ಕೂಗಿದ.

ಕೈಗೂ ಕತ್ತಿಗೂ ಪೌಡರ್ ಬಳಿದುಕೊಂಡಿದ್ದ ಲುಬ್ನಾ ತಲೆ ಬಗ್ಗಿಸಿ ಕೂದಲನ್ನೆಲ್ಲ ಮುಖದ ಮೇಲೆ ಚೆಲ್ಲಿಕೊಂಡಳು. "ಕಣ್ ಕಾಣ್ದೆ ಬಾವಿಗೆ ಬಿದ್ರೆ ನಮ್ಮಮ್ಮಿ ಆರ್.ಟಿ. ನಗರದಿಂದ ಬಂದು ಹೊಡೀತಾರೆ ನಿಂಗೆ."

"ಬಿದ್ರೆ ಪಿಚ್ಚರ್ ಹಿಟ್ ಮಗಾ," ಎಂದ ಮುನೇಶ್. ಎರಡನೆಯ ಮೊಬೈಲ್ ಅವನದು. ಇಡೀ ಯೂನಿಟ್ಟೇ ಈ ಮೂವರು.

ಯಾರೋ ಕಾಣೆಯಾದ ಹುಡುಗರ ಮೊಬೈಲಿನಲ್ಲಿ ಸಿಕ್ಕ ವಿಡಿಯೊ ಎಂದು ನೋಡುವವರು ನಂಬಬೇಕು, ಅಂಥ ಸಿನಿಮಾ. ಕಥೆ ಅಮೃತಹಳ್ಳಿಯದೇ: ಬಾವಿ ಕಟ್ಟೆಯ ಮೇಲೆ ತಲೆಗೂದಲು ಬಿಚ್ಚಿಕೊಂಡು ಕೂತು, ಬಂದವರನ್ನು ಒಳಗೆಳೆದುಕೊಳ್ಳುವ ಯಲ್ಲಿ ಎಂಬ ದೆವ್ವ. ಊರಿನ ಬಾವಿಗಳೆಲ್ಲ ಅಪಾರ್ಟ್‌ಮೆಂಟುಗಳ ಅಡಿ ಸೇರಿ, ಉಳಿದದ್ದು ಯಶವಂತನ ಅಜ್ಜಿ ಮುನಿಗಂಗಮ್ಮನ ಹಿತ್ತಿಲಿನದೊಂದೇ. ಯಲ್ಲಿ ಅದರತ್ತ ನಡೆದುಹೋಗುವ ಶಾಟ್ ಇವತ್ತು ಸಿಕ್ಕರೆ ಸಿನಿಮಾ ಮುಗಿದಂತೆ. ಸಿಗದಿದ್ದರೆ ದೆವ್ವವೇ ಇಲ್ಲದ ದೆವ್ವದ ಸಿನಿಮಾ.

ಟೀ ತಂದ ಮುನಿಗಂಗಮ್ಮ ಲುಬ್ನಾಳನ್ನು ನೋಡಿ ನಿಂತುಬಿಟ್ಟರು. "ಯಾರ್ಲಾ ಇದು?"

"ಬಾವಿ ಯಲ್ಲಿ, ಅಜ್ಜಿ," ಎಂದ ಯಶವಂತ್.

ಅಜ್ಜಿ ತಟ್ಟೆಯನ್ನು ಒಗೆಯುವ ಕಲ್ಲಿನ ಮೇಲಿಟ್ಟರು. "ಅವ್ಳು ಯಾವತ್ತೂ ಇಂಗೆ ತಲೆ ಕೆದರ್ಕೊಂಡು ನಿಂತೋಳಲ್ಲ."

"ನೀವ್ ನೋಡಿದೀರಾ?" ಮುನೇಶ್ ಬಾಯಿ ಬಿಟ್ಟ.

"ನನ್ನ ತಂಗಿ ಕಣ್ಲಾ ಅವ್ಳು. ನೀರು ಸೇದಾಕೆ ಓಗಿ ಕಾಲು ಜಾರ್ತು. ಇಷ್ಟೆತ್ತರದ ಕೂಸು. ಯಾರನ್ನ ಎಳ್ಕೊಂಡಾಳು? ಊರೋರು ದೆವ್ವ ಮಾಡುದ್ರು. ಈಗ ನೀವೂ ಮಾಡಿ."

ಈ ಮಾತನ್ನು ಮನೆಯಲ್ಲಿ ಯಾರೂ ಆಡಿದ್ದೇ ಇರಲಿಲ್ಲ. ಯಶವಂತ್ ಮೊಬೈಲ್ ಇಳಿಸಿದ. "ನಂಗೆ ಗೊತ್ತಿರ್ಲಿಲ್ಲ ಅಜ್ಜಿ. ಬೇಡ ಅಂದ್ರೆ ಬಿಟ್ಬಿಡ್ತೀವಿ."

"ಬ್ಯಾಡ ಅಂದ್ನಾ? ತೆಗೀರಿ. ಆದ್ರೆ ಅವ್ಳಿಗಿದ್ದಂಗೆ ಎಳ್ಡು ಜಡೆ ಇರ್ಬೇಕು."

"ಎರಡು ಜಡೆ ಹಾಕಿದ್ರೆ ಯಾರ್ ಹೆದರ್ಕೋತಾರೆ?" ಎಂದ ಮುನೇಶ್.

"ಯಾಕ್ಲಾ ಎದರ್ಕೋಬೇಕು?"

ಮುನೇಶ್ ಟೀ ಲೋಟದೊಳಗೆ ನೋಡತೊಡಗಿದ. ಲುಬ್ನಾ ಮಾತ್ರ ಆಗಲೇ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. "ಹಾಕಿ ಅಜ್ಜಿ."

ಮುನಿಗಂಗಮ್ಮ ಹಿಂದೆ ಕೂತು ಮೊದಲು ಸೆರಗಿನಿಂದ ಅವಳ ಕತ್ತಿನ ಪೌಡರ್ ಒರೆಸಿದರು. ಎಣ್ಣೆ ಹಚ್ಚಿ, ಬೈತಲೆ ತೆಗೆದು, ಜಡೆಯ ಟೇಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೆಣೆಯತೊಡಗಿದರು.

"ನೋಯುತ್ತೆ ಅಜ್ಜೀ."

"ಸುಮ್ಕಿರು. ಬಿಗಿ ಇಲ್ದಿದ್ರೆ ಸಂಜೆಗೇ ಬಿಚ್ಚೋಯ್ತದೆ."

"ಗುರು, ಇದೂ ರೆಕಾರ್ಡ್ ಆಗ್ತೈತೆ. ನಿಲ್ಲಿಸ್ಲಾ?" ಮುನೇಶ್ ಪಿಸುಗುಟ್ಟಿದ. ಯಶವಂತ್ ಬೇಡವೆಂದು ತಲೆಯಾಡಿಸಿದ.

ಎರಡನೆಯ ಜಡೆಯೂ ಮುಗಿಯಿತು.

"ಲುಬ್ನಾ, ಹಂಗೇ ಎದ್ದು ಬಾವಿ ಕಡೆ ನಡಿ," ಎಂದ ಯಶವಂತ್, ದನಿ ತಗ್ಗಿಸಿ.

ಲುಬ್ನಾ ಏಳಹೋದಳು. ಜಡೆಯ ತುದಿ ಮುನಿಗಂಗಮ್ಮನ ಮುಷ್ಟಿಯಲ್ಲೇ ಇತ್ತು. ಅವಳು ತಿರುಗಿ ನೋಡಲಿಲ್ಲ. ಮೆಲ್ಲಗೆ ಮತ್ತೆ ಮೆಟ್ಟಿಲ ಮೇಲೆ ಕೂತು, ಅಜ್ಜಿಯ ಮೊಣಕಾಲಿಗೆ ಒರಗಿದಳು.