ಜೋಡಿಗಂಟು

೧೯೭೮ರಲ್ಲಿ ಮರಾಠವಾಡದಲ್ಲಿ ದಲಿತರ ಗುಡಿಸಲು ಸುಟ್ಟಾಗ ಹುಮನಾಬಾದಿನ ನಮ್ಮ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಮಚ್ಚೇಂದ್ರ ತೋಳಿಗೆ ನೀಲಿ ಬಟ್ಟೆ ಕಟ್ಟಿಕೊಂಡು ಆಡತೊಡಗಿದ. ಪ್ರತಿ ಪಂದ್ಯಕ್ಕೂ ನನ್ನ ಬಳೆ ಅಂಗಡಿಯ ಹಿಂದೆ ಅದನ್ನು ಕಟ್ಟುತ್ತಿದ್ದವನು ನಾನು. ಡಜನ್ ಬಳೆಯ ಕಟ್ಟಿಗೆ ಹಾಕುವ ಜೋಡಿಗಂಟನ್ನೇ ಹಾಕುತ್ತಿದ್ದೆ. ಊರಲ್ಲಿ ಬೇರೆ ಯಾರೂ ಹಾಗೆ ಕಟ್ಟುವುದಿಲ್ಲ.

“ಬಿಚ್ಚಲೇ ಅದನ್ನ!” ಎಂದು ಜನ ಮೊದಲು ಕೂಗಿದರು. ಅವನು ಪೆನಾಲ್ಟಿ ತಡೆದ. ಅದೇ ಜನ “ಇರ್ಲಿ ಬಿಡ್ರಿ, ನಮ್ಮಾಂವ ಅದಾನ” ಎಂದು ಹೆಗಲ ಮೇಲೆ ಹೊತ್ತು ಕುಣಿದರು. ಥೂ!

ಮದುವೆ ಒಲ್ಲೆನೆನ್ನುವ ಮಚ್ಚೇಂದ್ರನಿಗೆ ಯಾವನೋ ಗಂಡಸಿನ ಮೇಲೆ ಮನಸ್ಸಂತೆ ಎಂಬ ಗುಲ್ಲೆದ್ದಾಗ ಮಾತ್ರ ಒಬ್ಬನೂ ‘ಇರ್ಲಿ’ ಎನ್ನಲಿಲ್ಲ. ಆ ಗಂಡಸು ನಾನೆಂದು ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಪಂದ್ಯದ ದಿನ, ಬಟ್ಟೆ ಕಟ್ಟಿಸಿಕೊಂಡು ಅವನು ಹೋದ ಮೇಲೆ, ಅವನನ್ನು ಹೊತ್ತು ಕುಣಿದವರಲ್ಲೊಬ್ಬನಾದ ಲಾಲಪ್ಪ ಅಂಗಡಿಗೆ ಬಂದ.

“ಬಳಿ ಕಟ್ಟು. ಆ ಮಚ್ಚೇಂದ್ರನ ಮ್ಯಾಲ ಒಗೀತೀವಿ. ಯಾಕ, ಗಂಟು ಹಾಕಾಕ ಇಷ್ಟೊತ್ತು?”

“ಥಂಡಿ ಅದ,” ಎಂದೆ. ಕಟ್ಟಿ ಕೊಟ್ಟೆ.

ಗೋಲಿನ ಬಾಯಲ್ಲಿ ಬಳೆ ಬಿದ್ದವು. ಮಚ್ಚೇಂದ್ರ ಒಂದು ಕಟ್ಟನ್ನೆತ್ತಿ ಗಂಟು ನೋಡಿದ. ಮೈದಾನದಂಚಿನಲ್ಲಿ ನಾನಿದ್ದ ಕಡೆ ತಿರುಗಲಿಲ್ಲ. ತೋಳಿನ ಬಟ್ಟೆ ಬಿಚ್ಚಿದ. ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ತಾನೇ ಮತ್ತೆ ಕಟ್ಟಿಕೊಂಡ.