ಕುಕ್ಕರಗಾಲಿನ ನರ

ಗ್ರೋನಿಂಗನ್ ಊರಿನ ಬೀದಿಗಳಿಗೆ ಇಟ್ಟಿಗೆ ಹಾಸುವ ನಮ್ಮ ಗುಂಪಿನಲ್ಲಿ ಮಂಡಿಯೂರುವುದೆಂದರೆ ಹೇಡಿತನ. ಮಂಡಿಯೂರಲಿಕ್ಕೆ ಚರ್ಚಿದೆ, ಬೀದಿಯಲ್ಲಿ ಕುಕ್ಕರಗಾಲಲ್ಲೇ ಕೂರಬೇಕು ಅನ್ನುವುದು ಮೇಸ್ತ್ರಿ ಗೆರ್ಲೊಫನ ಕಾನೂನು. ಶಾಲೆ ಬಿಟ್ಟು ಬಂದಾಗಿನಿಂದ ನಾನೂ ಹಾಗೇ ಕೂತವನು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಬ್ರೆಡ್ಡು ತಿನ್ನಲು ಎದ್ದರೆ ಎಡಪಾದ ನೇತಾಡಿತು. ನೋವಿಲ್ಲ. ಎತ್ತಿದರೆ ಏಳುವುದಿಲ್ಲ, ಅಷ್ಟೆ. ನಡೆದರೆ ಒದ್ದೆ ಚಪ್ಪಲಿಯ ಹಾಗೆ ಪಟ್ ಪಟ್ ಸದ್ದು.

"ಮೇಸ್ತ್ರಿ, ಕಾಲು ಮಲಗಿಬಿಟ್ಟಿದೆ" ಅಂದೆ. ಜೋಮು ಹಿಡಿದರೆ ನಮ್ಮಲ್ಲಿ ಹೇಳುವುದು ಹೀಗೆಯೇ.

"ಮಲಗಿದ್ರೆ ಏಳುತ್ತೆ ಬಿಡೋ ವೀಬೆ. ನೀನು ಜೋಗುಳ ಹಾಡ್ಬೇಡ, ಅಷ್ಟೆ."

ಎಲ್ಲರೂ ನಕ್ಕರು. ಆ ಹಾಳು ಮಾತೇ ನನ್ನ ಕಾಲು ತಿಂದಿತು. ಮಲಗಿದ್ದು ಏಳಲೇಬೇಕಲ್ಲ ಎಂದು ನಂಬಿ, ವಾರಗಟ್ಟಲೆ ಮತ್ತೆ ಅದೇ ಕಾಲು ಮಡಿಸಿ ಕೂತೆ. ನಾನೇ ಹಾಸಿದ ಇಟ್ಟಿಗೆಗೆ ಎಡವಿ ಬಿದ್ದ ಮೇಲೆ ಡಾಕ್ಟರ ಬಳಿ ಹೋದೆ.

ಡಾಕ್ಟರ್ ಹುಕ್ಸೆಮಾ ನನ್ನಮ್ಮನ ವಯಸ್ಸಿನವರು. ಹಿಮ್ಮಡಿಯ ಮೇಲೆ ನಿಲ್ಲು ಅಂದರು. ಬಲಪಾದ ಎದ್ದಿತು, ಎಡದ್ದು ನೆಲಕ್ಕೆ ಅಂಟಿಕೊಂಡಿತು. ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಒಂದು ಎಲುಬಿನ ಗಂಟಿದೆ. ಅಲ್ಲಿ ಬೆರಳಿಂದ ತಟ್ಟಿದರು. ಪಾದದವರೆಗೂ ಕರೆಂಟು ಹೊಡೆದ ಹಾಗಾಯಿತು.

"ಪಾದ ಎತ್ತೋ ನರ ಈ ಗಂಟನ್ನ ಸುತ್ಕೊಂಡೇ ಹೋಗುತ್ತೆ. ಮೇಲೆ ಚರ್ಮ, ಕೆಳಗೆ ಎಲುಬು, ನಡುವೆ ಮೆತ್ತಗೆ ಏನೂ ಇಲ್ಲ. ಇಷ್ಟು ದಿನ ಅದನ್ನ ಹಿಂಡ್ತಾ ಕೂತಿದೀಯ. ಸೈಕಲ್ ಬ್ರೇಕಿನ ತಂತಿ ಅಂದ್ಕೋ."

"ತಂತಿ ಹರಿದಿದ್ಯಾ ಡಾಕ್ಟ್ರೇ?"

"ಬರೀ ಹೊದಿಕೆ ನಜ್ಜಾಗಿದ್ರೆ ಕೆಲವು ತಿಂಗಳಲ್ಲಿ ಸರಿಹೋಗುತ್ತೆ. ಒಳಗಿನ ತಂತೀನೇ ಹೋಗಿದ್ರೆ ಮತ್ತೆ ಬೆಳೀಬೇಕು, ಪೂರ್ತಿ ಬರದೇನೂ ಇರ್ಬಹುದು. ಕುಕ್ಕರಗಾಲು ಬಿಡು. ಮಂಡಿಗೆ ದಿಂಬು ಕಟ್ಕೊಂಡು ಮಂಡಿಯೂರು."

ಮರುದಿನ ದಿಂಬು ಕಟ್ಟಿಕೊಂಡು ಹೋಗಿ ಕೆಲಸಕ್ಕೆ ಮಂಡಿಯೂರಿದೆ.

"ಏನಯ್ಯಾ ಪಾದ್ರಿ, ಪ್ರಾರ್ಥನೆ ಶುರುನಾ?" ಅಂದ ಗೆರ್ಲೊಫ್. "ಈ ಗುಂಪಲ್ಲಿ ಇರ್ಬೇಕಂದ್ರೆ ಎಲ್ರ ಹಾಗೆ ಕೂತ್ಕೋ. ಇಲ್ಲಾಂದ್ರೆ ಮನೆಗ್ಹೋಗು."

ರಕ್ತ ಕುದಿಯಿತು. ಸುತ್ತಿಗೆ ಎಸೆದು ಎದ್ದೆ. "ನೀನು ಹಿಮ್ಮಡಿ ಮೇಲೆ ನಿಲ್ಲು ಮೇಸ್ತ್ರಿ. ನಿಂತು ತೋರ್ಸು ನೋಡೋಣ!"

"ಕುಣಿ ಅಂದ್ರೂ ಕುಣೀತೀನಿ" ಅನ್ನುತ್ತಾ ನಿಂತ. ಬಲಪಾದದ ಮುಂಭಾಗ ಅರ್ಧ ಎದ್ದು ಕುಸಿಯಿತು. ಮತ್ತೆ ಎತ್ತಿದ, ಮತ್ತೆ ಕುಸಿಯಿತು. ಆ ಬೂಟಿನ ಮೂತಿ ನೆಲಕ್ಕೆ ಉಜ್ಜಿ ಉಜ್ಜಿ ಸವೆದಿತ್ತು.

"ವಯಸ್ಸಾಯ್ತು ಕಣೋ" ಅಂದವನು ಮತ್ತೆ ಕುಕ್ಕರಗಾಲಲ್ಲೇ ಕೂತ!

ಅವನನ್ನು ಒದೆಯಬೇಕು ಅನ್ನಿಸಿತು. ಒದೆಯಲು ಪಾದವಾದರೂ ಎಲ್ಲಿದೆ? ಹಲ್ಲು ಕಚ್ಚಿ ಅವನ ಪಕ್ಕದಲ್ಲೇ ಮರಳಿನ ಮೇಲೆ ಮಂಡಿಯೂರಿದೆ. ಅವನು ಏಳು ಅನ್ನಲಿಲ್ಲ. ನನ್ನ ಮುಖ ನೋಡದೆ ಇಟ್ಟಿಗೆಯೊಂದನ್ನು ನನ್ನತ್ತ ತಳ್ಳಿದ.