ಅಣ್ಣನ ಹೆಸರಿನ ಚೀಟಿ

“ಈ ಹೆಸರಿನವರು ನಮ್ಮ ದಾಖಲೆಯಲ್ಲಿ ಯಾರೂ ಇಲ್ಲ, ಅಂತಾನೇ ಬರೆದವ್ರೆ ಕಣಮ್ಮ,” ಎನ್ನುತ್ತ ಸುಬ್ಬರಾಯಪ್ಪ ಮೇಷ್ಟ್ರು ಸೈನ್ಯದ ರೆಕಾರ್ಡ್ ಆಫೀಸಿನ ಕಾಗದವನ್ನು ಮಡಿಸಿದರು. ಇಂಥ ಉತ್ತರ ಇದು ಮೂರನೆಯದು.

ಮಾವಿನಕಾಯಿ ಬುಟ್ಟಿಗೆ ಹುಲ್ಲು ಹಾಸುತ್ತಿದ್ದ ಅಕ್ಕಯಮ್ಮ ಕೈ ನಿಲ್ಲಿಸಲಿಲ್ಲ. “ಆರಡಿ ಆಳು ಮೇಷ್ಟ್ರೇ ನಮ್ಮನೆಯವರು. ಕಳ್ಕೊಂಡ್ಬಿಡಕ್ಕೆ ಅವರೇನು ಸೂಜೀನಾ? ಇನ್ನೊಂದ್ಸಲ ಬರೀರಿ. ಇದ್ದಾರೋ ಇಲ್ವೋ, ಅಷ್ಟು ಹೇಳಿದ್ರೆ ಸಾಕು ನಂಗೆ. ಇಲ್ದಿದ್ರೆ ಸೋಮವಾರ ಕೋಲಾರದ ಬಸ್ಸು ಹತ್ತೋದೇ.”

“ಏಳು ಸಲ ಹೋಗಿದ್ದೀಯಲ್ಲಮ್ಮ! ಅಲ್ಲಿ ಸೈನಿಕರ ಆಫೀಸಿನ ಬೆಂಚಿಗೆ ನಿನ್ನ ಹೆಸರೇ ಇಟ್ಟವ್ರಂತೆ.”

ಜಗಲಿಯ ತುದಿಯಲ್ಲಿ ಕೂತಿದ್ದ ದೊಡ್ಡಮುನಿಯಪ್ಪ ನಗಲಿಲ್ಲ. ಅಕ್ಕಯಮ್ಮನ ಗಂಡ, ಕಾಣೆಯಾದ ವೆಂಕಟರಾಯಪ್ಪ, ಅವನ ತಮ್ಮ. ಸಾವಿರದ ಒಂಬೈನೂರ ನಲವತ್ತೆರಡರಲ್ಲಿ, ಹದಿನೇಳರ ವಯಸ್ಸಿಗೆ, ಗಂಡನನ್ನು ಯುದ್ಧಕ್ಕೆ ಕಳಿಸಿದ ಅಕ್ಕಯಮ್ಮನ ತಲೆ ಈಗ ಮುಕ್ಕಾಲು ನರೆತಿತ್ತು. ಹೋದ ಸಲ ಕೋಲಾರದಿಂದ ಕಾಲು ಊದಿಸಿಕೊಂಡು ಬಂದು ಮೂರು ದಿನ ಮಲಗಿದ್ದಳು.

“ಮೇಷ್ಟ್ರೇ, ಆ ಹೆಸರಲ್ಲಿ ಸಿಕ್ಕಲ್ಲ,” ಎಂದ ದೊಡ್ಡಮುನಿಯಪ್ಪ. “ನನ್ನ ಹೆಸರಲ್ಲಿ ಹುಡುಕ್ಸಿ.”

“ನೀನ್ಯಾವತ್ತಯ್ಯ ಪಟ್ಟಾಳಕ್ಕೆ ಹೋಗಿದ್ದೆ? ಶ್ರೀನಿವಾಸಪುರ ದಾಟಿದ್ರೆ ನಿಂಗೆ ಜ್ವರ ಬರುತ್ತೆ!”

“ಅದಕ್ಕೇ ಅವನು ಹೋದ.”

ಕೋಲಾರದಲ್ಲಿ ಎದೆಯ ಅಳತೆ ಕೊಟ್ಟು ಸೈನ್ಯ ಸೇರುವ ಚೀಟಿ ಬರೆಸಿಕೊಂಡವನು ದೊಡ್ಡಮುನಿಯಪ್ಪನೇ. ಹೊರಡುವ ದಿನ ಹೆದರಿ ಕೂತುಬಿಟ್ಟ. ಹೋಗದಿದ್ದರೆ ಪೊಲೀಸರು ಬಂದು ಎಳೆದೊಯ್ಯುತ್ತಾರೆಂದು ಊರು ಹೆದರಿಸಿತ್ತು. “ಪೋನಿಲೇ ಅಣ್ಣಾ, ಹೋಗ್ಲಿ ಬಿಡು, ನಾನು ಹೋಗ್ತೀನಿ. ಅಲ್ಲಿ ನಿನ್ನ ಹೆಸರು ಕೂಗಿದ್ರೆ ಓ ಅಂತೀನಿ,” ಎಂದು ತಮ್ಮ ನಕ್ಕು ಚೀಟಿ ಕಿತ್ತುಕೊಂಡಿದ್ದ. ಆ ಗುಟ್ಟು ಅವರಿಬ್ಬರಲ್ಲೇ ಉಳಿಯಿತು.

“ಎರಡು ವರ್ಷಕ್ಕೆ ಕಾಗದ ಬಂತು,” ಎಂದ ದೊಡ್ಡಮುನಿಯಪ್ಪ, ನೆಲ ನೋಡುತ್ತ. “ಶ್ರೀನಿವಾಸಪುರದಲ್ಲಿ ಅರ್ಜಿ ಬರೆಯೋನ ಕೈಲಿ ಓದಿಸ್ದೆ. ‘ದೊಡ್ಡಮುನಿಯಪ್ಪ ಆಸ್ಪತ್ರೇಲಿ ಜ್ವರ ಬಂದು ತೀರ್ಕೊಂಡ ಅಂತ ಐತೆ, ನೀನು ಹೆಂಗಯ್ಯ ನಿಂತಿದ್ದೀಯಾ?’ ಅಂತ ನಕ್ಕ. ಸುಳ್ಳು ಹೆಸರು ಅಂತ ಜೈಲಿಗೆ ಹಾಕ್ತಾರೇನೋ ಅಂತ ಕಾಗದ ಒಲೆಗೆ ಹಾಕ್ಬಿಟ್ಟೆ.”

ಅಕ್ಕಯಮ್ಮನ ಕೈ ನಿಂತಿತು.

“ಯಾವಾಗ ಬಂತು ಭಾವ, ಆ ಕಾಗದ?”

“ಸಂಕ್ರಾಂತಿ ಆದ ವಾರಕ್ಕೆ.”

“ನಮ್ಮಣ್ಣ ಬಂದಿದ್ದು ಅದೇ ವರ್ಷ ಯುಗಾದಿಗೆ.”

ದೊಡ್ಡಮುನಿಯಪ್ಪ ಆ ದಿನವನ್ನು ಮರೆತಿರಲಿಲ್ಲ. ಮುಳಬಾಗಿಲಿನಿಂದ ಗಾಡಿ ಕಟ್ಟಿಕೊಂಡು ಬಂದ ಅವಳ ಅಣ್ಣ, ಗಂಡು ನೋಡಿದ್ದೀವಿ, ಇನ್ನೊಂದು ಮದುವೆ ಮಾಡ್ತೀವಿ, ಕಳಿಸಿಕೊಡಿ ಎಂದಿದ್ದ. “ಅವರು ಬರ್ತಾರೆ, ನಾನು ಬರಲ್ಲ,” ಎಂದು ಇವಳು ಕಂಬ ಹಿಡಿದು ನಿಂತಿದ್ದಳು. ಅಣ್ಣನ ಎತ್ತುಗಳಿಗೆ ನೀರಿಟ್ಟವನು ದೊಡ್ಡಮುನಿಯಪ್ಪ. ತೋಟದಲ್ಲಿ ಇಬ್ಬರ ಕೆಲಸ ಒಬ್ಬಳೇ ಮಾಡುವ ಹೆಣ್ಣು ಇವಳು ಎಂಬುದೂ ಆಗ ಮನಸ್ಸಿಗೆ ಬಂದಿತ್ತು. ಎತ್ತುಗಳು ನೀರು ಕುಡಿದು ಮುಗಿಸುವವರೆಗೂ ಅವನು ಕಾಗದದ ವಿಷಯ ಬಾಯಿ ಬಿಡಲಿಲ್ಲ. ಗಾಡಿ ಬರಿದಾಗಿ ಹಿಂದಿರುಗಿತು.

“ಎಲ್ಲಾ ಬರ್ಕೊಳ್ಳಿ ಮೇಷ್ಟ್ರೇ, ಹೆಬ್ಬೆಟ್ಟು ಒತ್ತುತೀನಿ,” ಎಂದವನೇ ಮೇಷ್ಟ್ರ ಶಾಯಿ ಡಬ್ಬಿಗೆ ಬೆರಳು ಅದ್ದಿದ.

ಮೇಷ್ಟ್ರು ಅಕ್ಕಯಮ್ಮನ ಕಡೆ ನೋಡಿದರು.

“ಬರೆಯೋದೇನಿದೆ ಬಿಡಿ. ನಾನು ಕೇಳಿದ್ದು ಸಿಕ್ತಲ್ಲ,” ಎಂದು ಅವಳು ಸೆರಗು ಕೊಡವಿ ಎದ್ದು ಒಳಗೆ ಹೋದಳು.

ಮೇಷ್ಟ್ರು ಖಾಲಿ ಹಾಳೆಯನ್ನು ಚೀಲಕ್ಕೆ ಸೇರಿಸಿ ಮೆಟ್ಟಿಲಿಳಿದರು. ದೊಡ್ಡಮುನಿಯಪ್ಪ ಶಾಯಿ ಹತ್ತಿದ ಹೆಬ್ಬೆರಳನ್ನು ಪಂಚೆಗೆ ತಗುಲದ ಹಾಗೆ ಎತ್ತಿ ಹಿಡಿದು ಕೂತೇ ಇದ್ದ.